ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು

ವಾದಿ ಕಬೀರಿನ ಗ್ಯಾರೇಜು ಸಾಲಿನಲ್ಲಿ
ಬೆಳಿಗ್ಗೆ ಐದಕ್ಕೇ ಶಟರು ಎತ್ತುವವನು ಇದಿನಬ್ಬ ಒಬ್ಬನೇ.
ನನ್ನ ವ್ಯಾನು ರಾತ್ರಿಯಿಂದಲೇ ಅವನ ಅಂಗಳದಲ್ಲಿತ್ತು,
ಆರಲಿ ಎಂದು.
ತೊಂಬತ್ತೆರಡರ ಹಯೇಸ್. ಒಳಗೊಂದು ಮಂಚ, ಒಂದು ಒಲೆ,
ಹೂವಿನ ಪರದೆ, ಮಾರಿ ಹೋದ ಜರ್ಮನ್ ಮುದುಕಿ ಹೊಲಿದದ್ದು.

ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡಿದ,
ಜ್ವರ ನೋಡುವ ಹಾಗೆ.
ಆಮೇಲೆ ತೋಳು ಮಡಚಿ ತೋರಿಸಿದ:
ಮೊಣಕೈವರೆಗೆ ರೋಮವಿಲ್ಲದ ನುಣ್ಣನೆ ಚರ್ಮ.
“ಅವಸರದ್ದು. ಸೊಹಾರಿನಲ್ಲಿ.
ನನ್ನ ಅವಸರ ಅಲ್ಲ, ಅರಬಾಬಿನದ್ದು.”

ಡ್ರೈವರ್ ಸೀಟು ಎತ್ತಿದರೆ ಎಂಜಿನ್.
ಇಪ್ಪತ್ತು ಸಾವಿರ ಕಿಲೋಮೀಟರು
ಇದರ ಮೇಲೆಯೇ ಕೂತಿದ್ದೆ ನಾನು,
ಕಾವಿಗೆ ಕೂತ ಕೋಳಿಯ ಹಾಗೆ,
ಅಡಿಯಲ್ಲಿ ಏನುಂಟೆಂದು ಒಮ್ಮೆಯೂ ನೋಡದೆ.

ಅವನು ಅಡಿಗೆ ಜಾರಿದ.
ಹೊರಗೆ ಉಳಿದದ್ದು ಎರಡು ಚಪ್ಪಲಿ, ಒಂದು ಬಯ್ಗುಳ.
ತಿರುಪು ಸಡಿಲಾಯಿತು. ಮೊದಲು ಹನಿ, ಆಮೇಲೆ ದಾರ,
ಆಮೇಲೆ ಬೇಸಿನ್ನಿಗೆ ಧೋ ಎಂದು
ಹಸಿರೂ ಅಲ್ಲದ ಕೆಂಪೂ ಅಲ್ಲದ
ನಾಲ್ಕು ಸಲ ಕುದಿಸಿದ ಸುಲೈಮಾನಿ.
“ಎಷ್ಟು ವರ್ಷದ್ದು?” ಅಡಿಯಿಂದ ಕೇಳಿದ.
ಗೊತ್ತಿಲ್ಲ ಎಂದೆ.
“ನಲ್ಲಿ ನೀರು ಹೊಯ್ದಿದ್ದಾರೆ ಮಾರಾಯ್ರೆ.
ಕೆಟಲಿನ ಒಳಗೆ ಸುಣ್ಣ ಕಟ್ಟೂದಿಲ್ವಾ? ಅದೇ.”

ಅಷ್ಟರಲ್ಲಿ ಬೆಕ್ಕು. ಗಲ್ಲಿಯದ್ದು, ಒಂದೂವರೆ ಕಿವಿಯದ್ದು.
ಮೂಗು ಬೇಸಿನ್ನಿನ ಅಂಚಿಗೆ ತಾಗುವುದರೊಳಗೆ
ಚಪ್ಪಲಿಗಳು ಒದ್ದಾಡಿ,
ಅವನು ಮೂವತ್ತು ವರ್ಷ ಕಿರಿಯನಾಗಿ ಹೊರಬಂದು
ಅದನ್ನು ಅಟ್ಟಿ, ಬೇಸಿನ್ನಿನ ಮೇಲೆ
ಯಾವುದೋ ಪಿಕಪ್ಪಿನ ಬಾಗಿಲನ್ನೇ ಎಳೆದು ಮುಚ್ಚಿದ.
“ಸಿಹಿ ಇರ್ತದೆ ಇದು. ಕುಡಿದ್ರೆ ಎರಡೇ ದಿನ.
ಬೆಕ್ಕಿಗೆ ಹೇಳಿದ್ರೆ ಗೊತ್ತಾಗ್ತದಾ?”

ನಾನು ಡಯಾಲಿಸಿಸ್ ನರ್ಸು.
ವಾರಕ್ಕೆ ಮೂರು ಸಲ ಬರುವವರನ್ನು
ತೊಳೆದು ಮನೆಗೆ ಕಳಿಸುವುದು ನನ್ನ ಕೆಲಸ.
ಹೇಳಲಿಲ್ಲ. ಪೈಪು ಹಿಡೀರಿ ಎಂದ, ಹಿಡಿದೆ.
“ಕೈ ನಡುಗೂದಿಲ್ಲ ನಿಮ್ಮದು,” ಎಂದ, ಅಷ್ಟೇ.

ಮೊದಲ ಸಲ ಇಟ್ಟಿಗೆ ಪುಡಿ.
ಎರಡನೇ ಸಲ ತುಕ್ಕಿನ ಹಕ್ಕಳೆ, ರಬ್ಬರಿನ ಚೂರು,
ಮತ್ತೆ, ಎಲ್ಲಿಂದಲೋ, ಒಂದು ಎಲೆಯ ನರ.
ಯಾವ ಹಳ್ಳಿಯ ಫಲಜಿನ ಕಾಲುವೆಯೋ,
ಹಬೆ ಏಳುತ್ತಿದ್ದ ವ್ಯಾನಿನಿಂದ ಇಳಿದು
ಸಾರಿನ ಪಾತ್ರೆಯಲ್ಲಿ ಮೊಗೆದು ಹೊಯ್ದಿರಬೇಕು ಆ ಮುದುಕಿ.
ಬೈಯಬೇಕೆಂದುಕೊಂಡೆ. ಬಾಯಿ ಬರಲಿಲ್ಲ.
ಮೂರನೇ ಸಲ ಅಕ್ಕಿ ತೊಳೆದ ನೀರು.
“ಇನ್ನು ಸಾಕಲ್ವಾ?”
ಗ್ಲಾಸಿನಲ್ಲಿ ಹಿಡಿದು ಬಿಸಿಲಿಗೆ ಎತ್ತಿದ.
ಐದು. ಆರು.

ಆಮೇಲೆ ಹೊಸ ಹಸಿರು, ಕ್ಯಾನಿನಿಂದ,
ಅಷ್ಟೇ ಅಳತೆಯ ಬಟ್ಟಿಯಿಳಿಸಿದ ನೀರು.
ಇಲ್ಲಿ ಚಳಿಯೇ ಇಲ್ಲವಲ್ಲ, ಯಾಕೆ ಎಂದೆ.
“ಚಳಿಗಲ್ಲ. ಕುದೀದೆ ಇರ್ಲಿಕ್ಕೆ.”

ಹನ್ನೊಂದು ಗಂಟೆ. ಜೂನ್. ನಲವತ್ತಮೂರು ಡಿಗ್ರಿ.
ಎಂಜಿನ್ ಸ್ಟಾರ್ಟ್ ಮಾಡಿ ಹೀಟರ್ ಪೂರ್ತಿ ತಿರುಗಿಸಿ ಕೂರಿ ಎಂದ.
ಕೂತೆ. ಒಲೆಯೊಳಗೆ ಕೂತು ಒಲೆ ಹಚ್ಚಿದ ಹಾಗೆ.
ಹಿಂದಿನ ಮಂಚದ ಕೆಳಗೂ ಒಂದು ಹೀಟರು,
ಅಲ್ಲಿಯವರೆಗೆ ಉದ್ದದ ಪೈಪು,
ಆ ಪೈಪಿನ ಮೂಲೆಯಲ್ಲೆಲ್ಲೋ ಕೂತ ಗಾಳಿ.
ಅವನು ಮೇಲಿನ ಹೋಸನ್ನು ಹಿಂಡಿದ, ಬಿಟ್ಟ, ಹಿಂಡಿದ.
ಗುಳ್ ಎಂದಿತು. ಒಂದು ಬೆರಳು ಇಳಿಯಿತು.
ಹೊಯ್ದ. ಮತ್ತೆ ಹಿಂಡಿದ. ಮತ್ತೆ ಗುಳ್.
“ಮೂರು ಮಕ್ಕಳು ನಂಗೆ,” ಎಂದ ಹೋಸಿಗೆ.
“ಒಂದಕ್ಕೂ ಹೀಗೆ ತೇಗು ಬರಿಸ್ಲಿಲ್ಲ ನಾನು.”
ಏನು ಹೇಳಲಿ? ಮುಳ್ಳು ನೋಡಿದೆ.
ಮುಳ್ಳು ಏರಿ ಅರ್ಧಕ್ಕೆ ಬಂದು
ಅಲ್ಲೇ ನಿಂತಿತು.

ಹದಿನಾರು ರಿಯಾಲ್. ಹದಿನೈದು ಮಾಡಿ ಎಂದೆ.
ಮಾಡಲಿಲ್ಲ.
“ಆದಂ ದಾಟಿದ ಮೇಲೆ ಹೈಮಾವರೆಗೆ ನೆರಳಿಲ್ಲ.
ಮುಳ್ಳು ಮೇಲೆ ಹೋದ್ರೆ ನಿಲ್ಲಿಸಿ. ತೆಗೀಬೇಡಿ. ಕಾಯಿರಿ.
ಚಾ ಮಾಡ್ಲಿಕ್ಕೆ ಒಲೆ ಉಂಟಲ್ಲ.”

ನಾನು ತಿರುಗಿಸುವಾಗ ಕನ್ನಡಿಯಲ್ಲಿ:
ಹಳೆಯ ನೀರು ತುಂಬಿದ ಕ್ಯಾನಿನ ಮೇಲೆ
ಅರಬಿಯಲ್ಲಿ, ಮಲಯಾಳದಲ್ಲಿ, ಕನ್ನಡದಲ್ಲಿ
ವಿಷ ಎಂದು ಬರೆದು,
ಓದಲು ಬಾರದವನೊಬ್ಬನಿದ್ದಾನಲ್ಲ, ಅವನಿಗಾಗಿ
ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಯುತ್ತಿದ್ದ.
ಗೋಡೆಯ ಮೇಲೆ ಆ ಒಂದೂವರೆ ಕಿವಿ.